ಐದು ವರ್ಷ ಬದುಕುಳಿದವರ ಅಂಕಿ ಹಿಡಿದು ದೇಶಗಳನ್ನು ತೂಗಬಹುದೇ?

ಡೊಂಬಿವಲಿಯಿಂದ ನೀವು ಕೇಳಿದ್ದು ಇಷ್ಟು: ಅಮೆರಿಕದಲ್ಲಿರುವ ಮಗ ‘ಕ್ಯಾನ್ಸರ್ ಬಂದವರೂ ಇಲ್ಲಿ ಹೆಚ್ಚು ವರ್ಷ ಬದುಕುತ್ತಾರೆ’ ಅನ್ನುತ್ತಾರೆ, ಲಂಡನ್ನಿನ ಅಳಿಯ ‘ಇಲ್ಲಿ ಆಪರೇಶನ್ನಿಗೂ ಬಿಲ್ಲಿಲ್ಲ’ ಅನ್ನುತ್ತಾರೆ, ಯಾವ ದೇಶದ ವ್ಯವಸ್ಥೆ ಮೇಲು? ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆದರೆ ನಿಮ್ಮ ಮಗ ಹಿಡಿದಿರುವ ಅಳತೆಗೋಲನ್ನು ನಾನು ಒಪ್ಪುವುದಿಲ್ಲ.

‘ಐದು ವರ್ಷ ಬದುಕುಳಿದವರು’ ಎಂಬ ಲೆಕ್ಕ ಶುರುವಾಗುವುದು ರೋಗ ಪತ್ತೆಯಾದ ದಿನದಿಂದ. ಇಬ್ಬರು ಪ್ರಾಸ್ಟೇಟ್ ಕ್ಯಾನ್ಸರಿನಿಂದ 70ನೇ ವಯಸ್ಸಿಗೆ ತೀರಿಕೊಂಡರು ಅಂದುಕೊಳ್ಳಿ. ಒಬ್ಬರಿಗೆ ತೊಂದರೆ ಕಾಣಿಸಿಕೊಂಡ ಮೇಲೆ 67ಕ್ಕೆ ಗೊತ್ತಾಯಿತು, ಇನ್ನೊಬ್ಬರಿಗೆ ರಕ್ತಪರೀಕ್ಷೆಯಿಂದ 62ಕ್ಕೇ. ಲೆಕ್ಕದಲ್ಲಿ ಎರಡನೆಯವರು ‘ಬದುಕುಳಿದವರು’, ಮೊದಲನೆಯವರು ಅಲ್ಲ. ಆಯುಷ್ಯ ಮಾತ್ರ ಇಬ್ಬರದೂ ಒಂದೇ. ಸಾಲದ್ದಕ್ಕೆ, ಎಂದೂ ಪ್ರಾಣಕ್ಕೆ ಸಂಚಕಾರ ತರದ ಸಣ್ಣ ಗಡ್ಡೆ ಇದ್ದವರೂ ಪರೀಕ್ಷೆಯಲ್ಲಿ ಸಿಕ್ಕಿ ಈ ಪಟ್ಟಿ ಸೇರುತ್ತಾರೆ. 2007ರಲ್ಲಿ ಅಮೆರಿಕದ ಅಧ್ಯಕ್ಷ ಹುದ್ದೆಯ ಆಕಾಂಕ್ಷಿಯಾಗಿದ್ದ ರೂಡಿ ಜೂಲಿಯಾನಿ ಚುನಾವಣಾ ಜಾಹೀರಾತಿನಲ್ಲಿ ಅಮೆರಿಕಕ್ಕೆ ಶೇ. 82, ಇಂಗ್ಲೆಂಡಿಗೆ ಶೇ. 44 ಎಂದು ಸಾರಿದ್ದು ಇದೇ ಅಳತೆ ಹಿಡಿದು. ಲಕ್ಷ ಜನಕ್ಕೆ ಎಷ್ಟು ಸಾವು ಎಂದು ನೋಡಿದರೆ ಆಗ ಎರಡೂ ಕಡೆ ಹೆಚ್ಚೇನೂ ಅಂತರವಿರಲಿಲ್ಲ. ಮಗನಿಗೆ ಆ ಅಂಕಿಯನ್ನೇ ಕೇಳಿ, ಅದೂ ವಯಸ್ಸಿನ ವ್ಯತ್ಯಾಸ ಸರಿಹೊಂದಿಸಿದ್ದನ್ನು. ಇಲ್ಲದಿದ್ದರೆ ಮುದುಕರೇ ಹೆಚ್ಚಿರುವ ಜಪಾನ್ ಕೆಟ್ಟದಾಗಿ ಕಾಣುತ್ತದೆ.

ಯಾರನ್ನು ಯಾವ ಊರಿನ ಲೆಕ್ಕಕ್ಕೆ ಹಾಕಿದರು ಎಂಬುದೂ ಮುಖ್ಯ. ಗೋವಾ ಮೆಡಿಕಲ್ ಕಾಲೇಜಿಗೆ ಕಾರವಾರದಿಂದ, ಸಿಂಧುದುರ್ಗದಿಂದ ಗಂಭೀರ ಸ್ಥಿತಿಯವರನ್ನು ಒಯ್ಯುತ್ತಾರೆ. ಅಲ್ಲಿನ ಸಾವುಗಳನ್ನೆಲ್ಲ ಗೋವಾದ ಜನಸಂಖ್ಯೆಯಿಂದ ಭಾಗಿಸಿದರೆ ಗೋವಾಕ್ಕೆ ಅನ್ಯಾಯ, ಉತ್ತರ ಕನ್ನಡಕ್ಕೆ ಪುಕ್ಕಟೆ ಒಳ್ಳೆಯ ಹೆಸರು. ವಾಸದ ಊರಿನ ಪ್ರಕಾರ ಎಣಿಸುವ ಎಸ್‌ಆರ್‌ಎಸ್ (ಕೇಂದ್ರ ಸರ್ಕಾರದ ಜನನ–ಮರಣಗಳ ಮಾದರಿ ಸಮೀಕ್ಷೆ) ಪ್ರಕಾರ 2020ರ ಶಿಶು ಮರಣ ಸಾವಿರ ಜನನಕ್ಕೆ ಗೋವಾದಲ್ಲಿ 5, ಮಹಾರಾಷ್ಟ್ರದಲ್ಲಿ 16, ಕರ್ನಾಟಕದಲ್ಲಿ 19.

ನಿಮ್ಮ ಅಳಿಯ ಎತ್ತಿದ ಬಿಲ್ಲಿನ ಮಾತಿಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಭಾರತದಲ್ಲಿ 2021–22ರಲ್ಲೂ ಒಟ್ಟು ಆರೋಗ್ಯ ವೆಚ್ಚದ ಶೇ. 39.4 ಭಾಗ ಜನರ ಜೇಬಿನಿಂದಲೇ ಹೋಗಿದೆ. ಒಂದು ಆಪರೇಶನ್ನಿಗೆ ಒಡವೆ ಅಡವಿಡುವ ಮನೆಗಳಿಗೆ ಇದೇ ದೊಡ್ಡ ಅಳತೆ. ಆದರೆ ಅಳಿಯನನ್ನೂ ಕೇಳಿ: ಮಂಡಿ ಆಪರೇಶನ್ನಿಗೆ ಎಷ್ಟು ದಿನ ಕಾಯಬೇಕು, ಎಂದಿನಿಂದ ಎಣಿಸುತ್ತಾರೆ? ಇಂಗ್ಲೆಂಡಿನಲ್ಲಿ ಊರ ಡಾಕ್ಟರು ಚೀಟಿ ಕಳಿಸಿದಂದಿನಿಂದ 18 ವಾರದ ಗುರಿ. ತಜ್ಞರು ‘ಆಪರೇಶನ್ ಆಗಲಿ’ ಅಂದ ದಿನದಿಂದ ಎಣಿಸುವ ದೇಶದ ಪಕ್ಕ ಇಟ್ಟರೆ ಇಂಗ್ಲೆಂಡ್ ಇರುವುದಕ್ಕಿಂತ ನಿಧಾನ ಕಾಣುತ್ತದೆ. ಹಾಗೆಂದು 2016ರಿಂದೀಚೆಗೆ ಆ ಗುರಿ ಮುಟ್ಟದಿರುವುದು ಎಣಿಕೆಯ ತಪ್ಪಲ್ಲ, ವ್ಯವಸ್ಥೆಯದೇ ದೋಷ.

ಅಂದಹಾಗೆ, ದೇಶಗಳ ಆರೋಗ್ಯ ವ್ಯವಸ್ಥೆಗೆ ಫ್ರಾನ್ಸ್ 1, ಅಮೆರಿಕ 37, ಭಾರತ 112 ಎಂದು ಸ್ಥಾನ ಕೊಟ್ಟ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯನ್ನು ಯಾರಾದರೂ ತೋರಿಸಿದರೆ, ಅದು 2000ದ್ದು. ಸಂಸ್ಥೆ ಅಂಥ ಪಟ್ಟಿಯನ್ನು ಮತ್ತೆ ಮಾಡಿಲ್ಲ.