ಹೌದು, ಚಾರ್ಲ್ಸ್ ವರ್ಡ್ಸ್‌ವರ್ತ್ ಅವರು ಕವಿ ವಿಲಿಯಂ ವರ್ಡ್ಸ್‌ವರ್ತ್ ಅಣ್ಣನ ಮಗನಲ್ಲ, ತಮ್ಮನ ಮಗ

ಆಕ್ಸ್‌ಫರ್ಡ್-ಕೇಂಬ್ರಿಜ್ ಕ್ರಿಕೆಟ್ ಪಂದ್ಯ ಶುರು ಮಾಡಿದವರು ಮುಂದೆ ಬಿಷಪ್ ಆದದ್ದು ನಿಜವೇ, ಕವಿ ವರ್ಡ್ಸ್‌ವರ್ತ್‌ಗೆ ಅವರು ಏನಾಗಬೇಕು ಎಂದು ಕೇಳಿದ್ದೀರಿ. ನಿಜ. ಅವರ ಹೆಸರು ಚಾರ್ಲ್ಸ್ ವರ್ಡ್ಸ್‌ವರ್ತ್. ಕವಿ ವಿಲಿಯಂ ಇವರ ದೊಡ್ಡಪ್ಪ.

ಚಾರ್ಲ್ಸ್ ಹ್ಯಾರೋ ಶಾಲೆಯಲ್ಲಿ ಕಲಿತು ಆಕ್ಸ್‌ಫರ್ಡ್‌ನ ಕ್ರೈಸ್ಟ್ ಚರ್ಚ್ ಕಾಲೇಜು ಸೇರಿದರು. ಆದರೆ ಅವರ ತಂದೆ ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿನ ಮುಖ್ಯಸ್ಥರು. ರಜೆಗೆ ಮನೆಗೆ ಹೋದರೆ ಅದು ಕೇಂಬ್ರಿಜ್! ಎರಡೂ ಕಡೆ ಗೆಳೆಯರಿದ್ದರು. ಪಂದ್ಯ ಏರ್ಪಡಿಸಲು ಇದಕ್ಕಿಂತ ಒಳ್ಳೆಯ ಜಾಗದಲ್ಲಿ ಯಾರಿದ್ದರು, ಹೇಳಿ?

1827ರ ಜೂನ್‌ನಲ್ಲಿ ಲಾರ್ಡ್ಸ್‌ನಲ್ಲಿ ಮೊದಲ ಪಂದ್ಯ ನಡೆಯಿತು. ಆಕ್ಸ್‌ಫರ್ಡ್ ನಾಯಕ ಇವರೇ. ಆಕ್ಸ್‌ಫರ್ಡ್ 258, ಕೇಂಬ್ರಿಜ್ ಬರೀ 92. ಅದರಲ್ಲಿ ಏಳು ವಿಕೆಟ್ ಇವರದ್ದು. ಮಳೆ ಬಂದು ಪಂದ್ಯ ಡ್ರಾ ಆಯಿತು. ನನಗಂತೂ ಆ ಮಳೆಯ ಮೇಲೆ ಇವತ್ತಿಗೂ ಸಿಟ್ಟಿದೆ.

1829ರಲ್ಲಿ ಹ್ಯಾರೋ ಗೆಳೆಯ ಚಾರ್ಲ್ಸ್ ಮೆರಿವೇಲ್ ಜೊತೆ ಸೇರಿ ದೋಣಿ ಸ್ಪರ್ಧೆಯನ್ನೂ ಶುರು ಮಾಡಿದರು. ಆ ವರ್ಷ ಆಕ್ಸ್‌ಫರ್ಡ್ ದೋಣಿಯಲ್ಲೂ ಗೆದ್ದಿತು, ಕ್ರಿಕೆಟ್‌ನಲ್ಲೂ ಗೆದ್ದಿತು. ಮೆರಿವೇಲ್ ಕೂಡ ಮುಂದೆ ಪಾದ್ರಿಯಾಗಿ, ಈಲಿ ಕೆಥೆಡ್ರಲ್‌ನ ಡೀನ್ (ಮುಖ್ಯ ಪಾದ್ರಿ) ಆದರು.

ಓದಿನಲ್ಲೂ ಚಾರ್ಲ್ಸ್ ತುಂಬಾ ಗಟ್ಟಿ. ಮುಂದೆ ಬ್ರಿಟನ್ ಪ್ರಧಾನಿಯಾದ ಗ್ಲಾಡ್‌ಸ್ಟನ್‌ಗೆ ಪಾಠ ಹೇಳಿದ್ದರು. ವಿಂಚೆಸ್ಟರ್‌ನಲ್ಲಿ ಮೇಷ್ಟ್ರಾಗಿ, ಆಮೇಲೆ ಸ್ಕಾಟ್ಲೆಂಡ್‌ನ ಗ್ಲೆನ್ಆಲ್ಮಂಡ್ ಶಾಲೆಯ ಮೊದಲ ವಾರ್ಡನ್, ಅಂದರೆ ಮುಖ್ಯಸ್ಥ, ಆದರು. 1853ರಲ್ಲಿ ಸೇಂಟ್ ಆಂಡ್ರ್ಯೂಸ್‌ನ ಬಿಷಪ್. 1892ರಲ್ಲಿ ತೀರಿಕೊಳ್ಳುವವರೆಗೂ ಅದೇ ಹುದ್ದೆಯಲ್ಲಿದ್ದರು.