ರಕ್ತ ನೀರಾಗುವುದಿಲ್ಲ, ಹೆಪ್ಪುಗಟ್ಟಲು ತಡವಾಗುತ್ತದೆ

ಹೃದಯದಲ್ಲಿ ಕೃತಕ ಕವಾಟ ಜೋಡಿಸಿಕೊಂಡಿರುವ ನಿಮ್ಮ ತಂದೆಯವರು, ಕವಾಟದಲ್ಲಿ ರಕ್ತ ಹೆಪ್ಪುಗಟ್ಟದಿರಲೆಂದು ನುಂಗುವ ವಾರ್ಫರಿನ್ ಮಾತ್ರೆ ಎಂದರೆ ಇಲಿಪಾಷಾಣವೆಂದು ನೆಂಟರೊಬ್ಬರು ಹೇಳಿದ್ದಕ್ಕೆ ಹೆದರಿ ಎರಡು ದಿನ ಮಾತ್ರೆ ಬಿಟ್ಟರೆಂದು ಬರೆದಿದ್ದೀರಿ. ಮಾತ್ರೆಯಿಂದ ರಕ್ತ ನೀರಾಗುತ್ತದೆಯೇ, ಸೊಪ್ಪು ಬಿಡಬೇಕೇ ಎಂದೂ ಕೇಳಿದ್ದೀರಿ. ಮೊದಲು, ಮಾತ್ರೆ ತಪ್ಪಿದ ವಿಷಯವನ್ನು ಇಂದೇ ಅವರ ವೈದ್ಯರಿಗೆ ತಿಳಿಸಿ. ತಪ್ಪಿದ್ದನ್ನು ಸರಿದೂಗಿಸಲೆಂದು ನೀವಾಗಿಯೇ ಹೆಚ್ಚು ಮಾತ್ರೆ ಕೊಡಬೇಡಿ.

ನೆಂಟರು ಹೇಳಿದ್ದು ಸುಳ್ಳಲ್ಲ, ಆದರೆ ಅರ್ಧ ಕಥೆ. 1920ರ ದಶಕದಲ್ಲಿ ಉತ್ತರ ಅಮೆರಿಕದಲ್ಲಿ ಬೂಸ್ಟು ಹಿಡಿದ ಸ್ವೀಟ್ ಕ್ಲೋವರ್ ಮೇವನ್ನು ತಿಂದ ದನಗಳು ರಕ್ತಸ್ರಾವದಿಂದ ಸಾಯುತ್ತಿದ್ದವು. 1933ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ರೈತರೊಬ್ಬರು ಸತ್ತ ಹಸುವನ್ನೂ ಹೆಪ್ಪುಗಟ್ಟದ ಅದರ ರಕ್ತವನ್ನೂ ಜೀವರಸಾಯನ ವಿಜ್ಞಾನಿ ಕಾರ್ಲ್ ಲಿಂಕ್ ಅವರ ಪ್ರಯೋಗಾಲಯಕ್ಕೆ ಹೊತ್ತು ತಂದರು. ಆ ಮೇವಿನಲ್ಲಿದ್ದ ವಸ್ತುವನ್ನು ಬೇರ್ಪಡಿಸಲು ಲಿಂಕ್ ಅವರ ತಂಡಕ್ಕೆ ಆರು ವರ್ಷ ಹಿಡಿಯಿತು. ಅದೇ ಬಗೆಯ ವಾರ್ಫರಿನ್ 1948ರಲ್ಲಿ ಇಲಿಗಳಿಗೆ ವಿಷವಾಗಿ, 1954ರಲ್ಲಿ ಮನುಷ್ಯರಿಗೆ ಔಷಧವಾಗಿ ಬಳಕೆಗೆ ಬಂತು. ವ್ಯತ್ಯಾಸವಿರುವುದು ಪ್ರಮಾಣದಲ್ಲಿ, ಮತ್ತು ರಕ್ತಪರೀಕ್ಷೆಯ ಕಾವಲಿನಲ್ಲಿ.

‘ರಕ್ತ ತೆಳು ಮಾಡುವ ಮಾತ್ರೆ’ ಎಂಬ ಮಾತೇ ಜನರನ್ನು ದಾರಿ ತಪ್ಪಿಸುತ್ತದೆ. ಹೆಪ್ಪು ಹಾಕಿದ ಹಾಲು ತಡವಾಗಿ ಮೊಸರಾದರೆ ಅದಕ್ಕೆ ನೀರು ಬೆರೆತಿದೆ ಎಂದರ್ಥವಲ್ಲ. ರಕ್ತ ಹೆಪ್ಪುಗಟ್ಟಲು ಕ್ಯಾಲ್ಸಿಯಂ ಬೇಕು. ಲ್ಯಾಬಿನ ನೇರಳೆ ಮುಚ್ಚಳದ ಟ್ಯೂಬಿನಲ್ಲಿರುವ ಇಡಿಟಿಎ ಎಂಬ ರಾಸಾಯನಿಕ ಆ ಕ್ಯಾಲ್ಸಿಯಂ ಅನ್ನೇ ಹಿಡಿದಿಟ್ಟುಕೊಳ್ಳುವುದರಿಂದ ಅಲ್ಲಿ ರಕ್ತ ಗಟ್ಟಿಯಾಗುವುದಿಲ್ಲ. ಅದೇ ಟ್ಯೂಬಿಗೆ ಬರೀ ವಾರ್ಫರಿನ್ ಹಾಕಿದ್ದರೆ ರಕ್ತ ಎಂದಿನಂತೆ ಹೆಪ್ಪುಗಟ್ಟುತ್ತಿತ್ತು, ಏಕೆಂದರೆ ಅದರ ಕೆಲಸವೆಲ್ಲ ಯಕೃತ್ತಿನಲ್ಲಿ. ಅಲ್ಲಿ ವಿಟಮಿನ್ ಕೆ ಮರುಬಳಕೆಯಾಗದಂತೆ ಅದು ತಡೆಯುತ್ತದೆ. ಆಗ ತಯಾರಾಗುವ ಹೆಪ್ಪುಗಟ್ಟಿಸುವ ಪ್ರೋಟೀನುಗಳಲ್ಲಿ ಕೆಲವಕ್ಕೆ ಕ್ಯಾಲ್ಸಿಯಂ ಹಿಡಿಯುವ ಶಕ್ತಿ ಕುಂದಿರುತ್ತದೆ. ಮೊದಲೇ ತಯಾರಾದ ಪ್ರೋಟೀನುಗಳು ರಕ್ತದಲ್ಲಿ ಮುಗಿಯುವವರೆಗೆ ಪೂರ್ಣ ಪರಿಣಾಮ ಕಾಣದು, ಅದಕ್ಕೆ ಸುಮಾರು ಐದು ದಿನ ಬೇಕು. ಹೀಗಾಗಿಯೇ ಆರಂಭದ ದಿನಗಳಲ್ಲಿ, ಕೂಡಲೇ ಕೆಲಸ ಮಾಡುವ ಹೆಪಾರಿನ್ ಚುಚ್ಚುಮದ್ದನ್ನೂ ಕೊಡುವುದುಂಟು.

ಸೊಪ್ಪು ಬಿಡಬೇಕಿಲ್ಲ. ಪಾಲಕ್, ನುಗ್ಗೆಸೊಪ್ಪುಗಳಲ್ಲಿ ವಿಟಮಿನ್ ಕೆ ಹೇರಳವಾಗಿರುವುದರಿಂದ ಒಂದು ವಾರ ದಿನವೂ ಉಂಡು ಮುಂದಿನ ವಾರ ಮುಟ್ಟದಿದ್ದರೆ ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಎಷ್ಟು ತಡವಾಗುತ್ತದೆಂದು ತೋರಿಸುವ ರಕ್ತಪರೀಕ್ಷೆಯ ಅಂಕಿ) ಏರಿಳಿಯುತ್ತದೆ. ವಾರವಾರವೂ ಒಂದೇ ಅಳತೆಯಲ್ಲಿ ಉಣ್ಣಲಿ. ಮಂಡಿನೋವಿಗೆಂದು ಅಂಗಡಿಯಿಂದ ತಾವೇ ತಂದ ನೋವಿನ ಮಾತ್ರೆ ನುಂಗುವುದು ಸೊಪ್ಪಿಗಿಂತ ಅಪಾಯಕಾರಿ. ಮಲ ಕಪ್ಪಾದರೆ, ಮೂಗಿನ ರಕ್ತ ನಿಲ್ಲದಿದ್ದರೆ, ಬಿದ್ದು ತಲೆಗೆ ಪೆಟ್ಟಾದರೆ ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ, ವಾರ್ಫರಿನ್ ನುಂಗುತ್ತಿದ್ದಾರೆಂದು ಬಾಗಿಲಲ್ಲೇ ಹೇಳಿ.

— ಸಂಪಾದಕ