ಕಾಗದದಲ್ಲಿ ಎಷ್ಟು ಬಾಲ್?

ಓದುಗರ ಪ್ರಶ್ನೆ, ನನ್ನ ಉತ್ತರ

ಕಳೆದ ಸಂಚಿಕೆಯಲ್ಲಿ ವಾಟರ್ ಸ್ಕೀಯಿಂಗ್, ಅಂದರೆ ಬೋಟಿನ ಹಗ್ಗ ಹಿಡಿದು ನೀರಿನ ಮೇಲೆ ಜಾರುವ ಆಟ, ಅದರ ದಾಖಲೆಗಳ ಬಗ್ಗೆ ನಾಲ್ಕು ಸಾಲು ಬರೆದಿದ್ದೆ, ಅಷ್ಟೇ. ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಜಗಳ. ಒಳ್ಳೆಯದೇ ಆಯಿತು. ಹೊಸಬರಿಗಾಗಿ ಒಂದು ಮಾತು: ನಾನು ಹದಿನಾಲ್ಕು ವರ್ಷ ಸ್ಲಾಲಂ (ತೇಲುವ ಗುಂಡುಗಳನ್ನು ಸುತ್ತಿ ಹೋಗುವ ಸ್ಪರ್ಧೆ) ಸ್ಕೀ ಮಾಡಿದವಳು. ಮಂಡಿ ಕೈಕೊಟ್ಟ ಮೇಲೆ ಬೋಟಿನಲ್ಲಿ ಜಡ್ಜ್ ಆಗಿ ಕೂತೆ. ಬೋಟಿನ ಜಡ್ಜ್ ಹಿಂದಕ್ಕೆ ಮುಖ ಮಾಡಿ ಕೂರಬೇಕು. ಹೋಗುವ ದಾರಿ ಕಾಣಲ್ಲ, ಬಿದ್ದವರು ಮಾತ್ರ ಕಾಣುತ್ತಾರೆ.

ಪ್ರಶ್ನೆ: ಪುರುಷರ ಸ್ಲಾಲಂ ದಾಖಲೆಯನ್ನು ‘9.75 ಮೀಟರ್ ಹಗ್ಗದಲ್ಲಿ ಎರಡೂವರೆ ಬಾಲ್’ ಎಂದು ಬರೆದಿದ್ದೀರಿ. ಅರ್ಧ ಬಾಲ್ ಎಂದರೆ ಏನು? ಬಾಲ್ ಅರ್ಧ ಮುಳುಗುತ್ತದೆಯೇ?

ಬಾಲ್ ಮುಳುಗಲ್ಲ, ಮುಳುಗುವುದು ನಾವು. ನೀರಿನ ಮೇಲೆ ತೇಲುವ ಬಣ್ಣದ ಗುಂಡುಗಳಿಗೆ ನಮ್ಮವರೆಲ್ಲ ಬಾಲ್ ಅಂತಲೇ ಕರೆಯೋದು. ಸ್ಲಾಲಂ ಕೋರ್ಸ್ 259 ಮೀಟರ್ ಉದ್ದ. ಬೋಟು ನಡುವೆ ನೆಟ್ಟಗೆ ಹೋಗುತ್ತದೆ. ಸ್ಕೀಯರ್ ಒಂದು ಗೇಟಿನೊಳಗೆ ನುಗ್ಗಿ, ಆ ಕಡೆ ಮೂರು ಈ ಕಡೆ ಮೂರು ಬಾಲ್ ಸುತ್ತಿ, ಇನ್ನೊಂದು ಗೇಟಿನಿಂದ ಹೊರಬರಬೇಕು. ಆರೂ ಸಿಕ್ಕರೆ ಮುಂದಿನ ಸುತ್ತಿಗೆ ವೇಗ ಜಾಸ್ತಿ. ಗರಿಷ್ಠ ಅಂದರೆ ಪುರುಷರಿಗೆ ಗಂಟೆಗೆ 58 ಕಿಲೋಮೀಟರ್, ಮಹಿಳೆಯರಿಗೆ 55. ಆ ವೇಗ ಮುಟ್ಟಿದ ಮೇಲೆ ಪ್ರತಿ ಸುತ್ತಿಗೂ ಹಗ್ಗ ಕತ್ತರಿಸಿದ ಹಾಗೆ: 18.25 ಮೀಟರ್, 16, 14.25, 13, 12, 11.25... ಹೀಗೆ ಇಳಿಯುತ್ತದೆ.

ತಮಾಷೆ ಇರುವುದು ಇಲ್ಲೇ. ಹಗ್ಗ ಕಟ್ಟಿರುವುದು ಬೋಟಿನ ನಡುವಿನ ಕಂಬಕ್ಕೆ. ಅಲ್ಲಿಂದ ಬಾಲ್ 11.5 ಮೀಟರ್ ಪಕ್ಕಕ್ಕೆ. ಹಗ್ಗ 9.75 ಇದ್ದರೆ, ಅದನ್ನು ಬೋಟಿಗೆ ಪೂರ್ತಿ ಅಡ್ಡಕ್ಕೆ ಚಾಚಿದರೂ ತುದಿಯ ಹಿಡಿ ಬಾಲ್ ಹತ್ತಿರ ಬರಲ್ಲ. 1.75 ಮೀಟರ್ ಕಮ್ಮಿ! ಆ ಕಮ್ಮಿಯನ್ನು ತೋಳು, ಸೊಂಟ, ಕಾಲು, ಸ್ಕೀ ಎಲ್ಲ ಸೇರಿ ತುಂಬಬೇಕು. ಸ್ಕೀ ಬಾಲಿನ ಆಚೆ, ತಲೆ ಎಷ್ಟೋ ಈಚೆ. ನೀರಿನ ಮೇಲೆ ಮಲಗಿಕೊಂಡೇ ತಿರುಗುತ್ತಾರೆ.

ಇನ್ನು ಅರ್ಧದ ಲೆಕ್ಕ. ಬಾಲ್ ಸುತ್ತಿದರೆ ಕಾಲು ಬಾಲ್. ಹಗ್ಗ ಬಿಗಿಯಾಗಿಟ್ಟುಕೊಂಡು ಬಾಲ್‌ಗಳ ಸಾಲಿನ ಒಳಕ್ಕೆ ವಾಪಸ್ ಬಂದರೆ ಅರ್ಧ. ಬೋಟಿನ ಹಿಂದಿನ ಅಲೆಯವರೆಗೆ ಬಂದರೆ ಪೂರ್ತಿ ಒಂದು. ಅಮೆರಿಕದ ನೇಟ್ ಸ್ಮಿತ್ 2013ರಲ್ಲಿ ಲೂಸಿಯಾನಾದ ಕವಿಂಗ್ಟನ್‌ನಲ್ಲಿ ಆ ಎರಡೂವರೆ ಮಾಡಿದ್ದು.

ಪ್ರಶ್ನೆ: ನಮ್ಮ ತಂದೆಯವರಿಗೆ ಆಂಡಿ ಮ್ಯಾಪಲ್ ಬಿಟ್ಟರೆ ಬೇರೆ ಸ್ಕೀಯರೇ ಇಲ್ಲ. ನಾನು ನೇಟ್ ಸ್ಮಿತ್ ಅನ್ನುತ್ತೇನೆ, ಸಂಖ್ಯೆ ತೋರಿಸುತ್ತೇನೆ. ‘ನಿನ್ನ ಸಂಖ್ಯೆ ಕಂಪ್ಯೂಟರ್ ಮಾಡಿದ್ದು’ ಎಂದು ನಗುತ್ತಾರೆ. ಯಾರು ಸರಿ?

ಸಂಖ್ಯೆ ನಿಮ್ಮ ಕಡೆ. ಅದರಲ್ಲಿ ಎರಡು ಮಾತಿಲ್ಲ. ಆದರೆ ತಂದೆಯವರ ನಗುವಿನಲ್ಲೂ ಹುರುಳಿದೆ.

ಬ್ರಿಟನ್ನಿನ ಮ್ಯಾಪಲ್ 1981ರಲ್ಲಿ ವಿಶ್ವ ಸ್ಲಾಲಂ ಚಾಂಪಿಯನ್ ಆದಾಗ ಇನ್ನೂ ಹದಿನೆಂಟರ ಹುಡುಗ. 1989ರಲ್ಲಿ ಮತ್ತೆ ಗೆದ್ದರು. ಆಗ ಬೋಟಿನ ವೇಗ ಇದ್ದದ್ದು ಡ್ರೈವರ್ ಅಂಗೈಯಲ್ಲಿ. ಸ್ಕೀಯರ್ ಜಗ್ಗಿದಾಗ ಬೋಟು ನಿಧಾನವಾಗುತ್ತದೆ. ಅದು ಡ್ರೈವರಿಗೆ ಮೊದಲು ಗೊತ್ತಾಗುವುದು ಥ್ರಾಟಲ್ ಹಿಡಿದ ಕೈಗೆ, ಆಮೇಲೆ ಕಿವಿಗೆ, ಕೊನೆಗೆ ಮೀಟರಿಗೆ. ಅವನು ಗ್ಯಾಸ್ ಕೊಡುತ್ತಾನೆ. ಬೇಗ ಕೊಟ್ಟರೆ ಸ್ಕೀಯರ್ ತೋಳು ಕಿತ್ತು ಬರುತ್ತದೆ, ತಡವಾಗಿ ಕೊಟ್ಟರೆ ಹಗ್ಗ ಸಡಿಲವಾಗುತ್ತದೆ. ಸರಿಯಾದ ವೇಗದಲ್ಲಿ ಓಡಿಸಿದ್ದಾನೋ ಇಲ್ಲವೋ ಅಂತ ನೋಡಲು ಸ್ಟಾಪ್‌ವಾಚ್. 58ರ ವೇಗಕ್ಕೆ ಕೋರ್ಸ್ ಮುಗಿಯಬೇಕಾದದ್ದು 16.08 ಸೆಕೆಂಡಿಗೆ. ಆ ಕಾಲದ ಸ್ಕೀಯರುಗಳನ್ನು ನಿದ್ದೆಯಲ್ಲಿ ಎಬ್ಬಿಸಿ ಕೇಳಿ, ಮನೆ ನಂಬರ್ ಮರೆತರೂ ಹದಿನಾರು ಸೊನ್ನೆ ಎಂಟು ಅಂತಾರೆ.

1990ರ ದಶಕದಲ್ಲಿ ಪರ್ಫೆಕ್ಟ್ ಪಾಸ್ ಎಂಬ ವೇಗ ನಿಯಂತ್ರಕ ಬಂತು. ಆಮೇಲೆ ಉಪಗ್ರಹದ ಸಂಕೇತ ಹಿಡಿದು ನಡೆಯುವ ಝೀರೋ ಆಫ್. ಈಗ ಸ್ಕೀಯರ್ ನೀರಿಗಿಳಿಯುವ ಮುಂಚೆ ‘ಬಿ ಎರಡು’ ಅಂತಲೋ ‘ಸಿ ಒಂದು’ ಅಂತಲೋ ಹೇಳುತ್ತಾರೆ. ಎ, ಬಿ, ಸಿ ಮತ್ತು ಒಂದು, ಎರಡು, ಮೂರು. ಎಂಜಿನ್ ಯಾವಾಗ, ಎಷ್ಟು ಜೋರಾಗಿ ತಿರುಗಿ ಎಳೆಯಬೇಕು ಅನ್ನುವ ಸೆಟ್ಟಿಂಗ್ ಅದು. ಇವತ್ತು ಬಂದ ಎಳೆತವೇ ನಾಳೆಯೂ ಬರುತ್ತದೆ.

ಇದರಿಂದ ಆಟ ಸುಲಭವಾಯಿತು ಅನ್ನುವವರನ್ನು ನಾನು ಒಪ್ಪಲ್ಲ. ಎರಡನೇ ಬಾಲಿಗೆ ತಡವಾಗಿ ಬಂದರೆ ಹಳೆಯ ಡ್ರೈವರ್ ‘ಪಾಪ’ ಅಂತ ಕೈ ಸ್ವಲ್ಪ ಮೆತ್ತಗೆ ಮಾಡುತ್ತಿದ್ದ. ಕಂಪ್ಯೂಟರಿಗೆ ಪಾಪ ಪುಣ್ಯ ಗೊತ್ತಿಲ್ಲ. ತಡವಾದಷ್ಟೂ ಜಗ್ಗಬೇಕು, ಜಗ್ಗಿದಷ್ಟೂ ಅದು ತಿರುಗಿ ಜಗ್ಗುತ್ತದೆ.

ಹಾಗಾದರೆ ಯಾರು? ನಾನಂತೂ ಮ್ಯಾಪಲ್ ಅನ್ನುತ್ತೇನೆ. ಇದು ಜಡ್ಜ್ ಮಾತಲ್ಲ, ಅಭಿಮಾನಿಯ ಮಾತು. ಅವರ ಹಳೆಯ ವಿಡಿಯೊ ಹಾಕಿ, ಸೊಂಟದಿಂದ ಕೆಳಗೆ ಕೈ ಅಡ್ಡ ಇಟ್ಟು ನೋಡಿ. ಮೇಲಿನ ದೇಹ ಬಸ್ಸಿಗೆ ಕಾಯುತ್ತಾ ನಿಂತವರ ಹಾಗಿರುತ್ತದೆ. ಕೈ ತೆಗೆದರೆ ಕೆಳಗೆ ನೀರು ಗೋಡೆ ಗೋಡೆಯಾಗಿ ಏಳುತ್ತಿರುತ್ತದೆ. ಮುಂದೆ ಅವರೇ ಸ್ಕೀಗಳನ್ನು ವಿನ್ಯಾಸ ಮಾಡಿದರು. 2015ರಲ್ಲಿ, ಐವತ್ತೆರಡನೇ ವಯಸ್ಸಿಗೆ ಹೋಗಿಬಿಟ್ಟರು. ತಂದೆಯವರ ಜೊತೆ ಜಗಳ ಮುಂದುವರಿಸಿ, ಆದರೆ ಒಮ್ಮೆ ಒಟ್ಟಿಗೆ ಕೂತು ಆ ವಿಡಿಯೊ ನೋಡಿ.

ಪ್ರಶ್ನೆ: ಅತಿ ವೇಗದ ವಾಟರ್ ಸ್ಕೀ ದಾಖಲೆ ಯಾರದು?

ಕ್ರಿಸ್ಟೋಫರ್ ಮ್ಯಾಸಿ, ಆಸ್ಟ್ರೇಲಿಯಾದ ಹಾಕ್ಸ್‌ಬರಿ ನದಿ, 1983ರ ಮಾರ್ಚ್ 6. ಗಂಟೆಗೆ 230.26 ಕಿಲೋಮೀಟರ್. ಆ ವೇಗದಲ್ಲಿ ಬಿದ್ದರೆ ನೀರು ನೀರಾಗಿರಲ್ಲ, ಸಿಮೆಂಟ್. ನನ್ನನ್ನು ಕೇಳಬೇಡಿ, 55ಕ್ಕೇ ನನಗೆ ಸಾಕುಸಾಕಾಗಿದೆ.

ಪ್ರಶ್ನೆ: ವಾಟರ್ ಸ್ಕೀ ಕಂಡುಹಿಡಿದವರು ಯಾರು ಎಂಬುದರಲ್ಲೇ ವಿವಾದ ಇದೆಯಂತೆ, ನಿಜವೇ?

ಇತ್ತು. ಅಮೆರಿಕದ ಮಿನ್ನೆಸೋಟಾದಲ್ಲಿ ಲೇಕ್ ಸಿಟಿ ಅಂತ ಊರು, ಪಕ್ಕದಲ್ಲಿ ಪೆಪಿನ್ ಸರೋವರ. 1922ರಲ್ಲಿ ರಾಲ್ಫ್ ಸ್ಯಾಮುಯೆಲ್ಸನ್ ಎಂಬ ಹುಡುಗ ಮೊದಲು ಪೀಪಾಯಿಯ ಹಲಗೆ ಕಟ್ಟಿಕೊಂಡು ನೋಡಿದ, ಆಗಲಿಲ್ಲ. ಹಿಮದ ಸ್ಕೀ ಕಟ್ಟಿಕೊಂಡ, ಅದೂ ಆಗಲಿಲ್ಲ. ಕೊನೆಗೆ ಎಂಟು ಅಡಿಯ ಎರಡು ಪೈನ್ ಹಲಗೆ ತಂದು, ಅಮ್ಮನ ತಾಮ್ರದ ಹಂಡೆಯಲ್ಲಿ ತುದಿ ಬೇಯಿಸಿ ಮೇಲಕ್ಕೆ ಬಗ್ಗಿಸಿದ. ಅಮ್ಮ ಏನಂದರು ಅಂತ ಯಾರೂ ಬರೆದಿಟ್ಟಿಲ್ಲ. ಜುಲೈ 2ರಂದು, ಹತ್ತೊಂಬತ್ತು ತುಂಬುವ ಹಿಂದಿನ ದಿನ, ತುದಿ ನೀರಿನಿಂದ ಮೇಲಿಟ್ಟು ಹಿಂದಕ್ಕೆ ವಾಲಿದ. ಎದ್ದು ನಿಂತ. 1925ರಲ್ಲಿ ಡೈವಿಂಗ್ ಹಲಗೆಗೆ ಹಂದಿ ಕೊಬ್ಬು ಬಳಿದು ಅದರ ಮೇಲಿಂದ ಹಾರಿಯೂ ಬಿಟ್ಟ.

ಆದರೆ ಪೇಟೆಂಟ್ ಮಾಡಿಸಲಿಲ್ಲ. 1925ರಲ್ಲಿ ವಾಟರ್ ಸ್ಕೀಗೆ ಪೇಟೆಂಟ್ ತೆಗೆದುಕೊಂಡದ್ದು ಫ್ರೆಡ್ ವಾಲರ್. ಹಾಗಾಗಿ ಕಾಗದದಲ್ಲಿ ವಾಲರ್ ಹೆಸರು, ಲೇಕ್ ಸಿಟಿಯವರ ಬಾಯಲ್ಲಿ ರಾಲ್ಫ್ ಹೆಸರು. ರಾಲ್ಫ್ ಮುಂದೆ ಟರ್ಕಿ ಕೋಳಿ ಸಾಕಿಕೊಂಡಿದ್ದರು. 1960ರ ದಶಕದಲ್ಲಿ ಪತ್ರಕರ್ತೆಯೊಬ್ಬರು ಆ ಹಳೆಯ ಹಲಗೆಗಳ ಬೆನ್ನು ಹತ್ತಿ ಕಥೆ ಹೊರತೆಗೆದರು. 1966ರಲ್ಲಿ ಅಮೆರಿಕನ್ ವಾಟರ್ ಸ್ಕೀ ಅಸೋಸಿಯೇಷನ್ ಅವರನ್ನೇ ಮೊದಲಿಗ ಎಂದು ಒಪ್ಪಿತು. ನಲವತ್ತನಾಲ್ಕು ವರ್ಷ ತಡ, ಆದರೂ ಬದುಕಿದ್ದಾಗಲೇ ಸಿಕ್ಕಿತಲ್ಲ.

ನನಗೆ ಬೇಜಾರಿರುವುದು ಬೇರೆ. ಅವತ್ತು ಬೋಟು ಓಡಿಸಿದ್ದು ರಾಲ್ಫ್‌ನ ಸೋದರ ಬೆನ್. ಜಗತ್ತಿನ ಮೊದಲ ಸ್ಕೀ ಬೋಟ್ ಡ್ರೈವರ್. ಅವನ ಬಗ್ಗೆ ಇವತ್ತಿನವರೆಗೆ ನನಗೆ ಒಂದೂ ಪತ್ರ ಬಂದಿಲ್ಲ.

ಪ್ರಶ್ನೆ: ಬರಿಗಾಲಲ್ಲಿ ಮೊದಲು ಸ್ಕೀ ಮಾಡಿದ್ದು ಡಿಕ್ ಪೋಪ್ ಜೂನಿಯರ್ ಅಲ್ಲವೇ?

ಮೊದಲು ಫೋಟೊ ಬಂದದ್ದು ಅವರದು. 1947, ಫ್ಲಾರಿಡಾದ ಸೈಪ್ರೆಸ್ ಗಾರ್ಡನ್ಸ್. ಆ ಜಾಗ ನಡೆಸುತ್ತಿದ್ದದ್ದು ಅವರ ತಂದೆ, ಪ್ರಚಾರದಲ್ಲಿ ಪಳಗಿದ ಕೈ. ಅದೇ ವರ್ಷ ಅದಕ್ಕೂ ಮುಂಚೆ ಬರಿಗಾಲಲ್ಲಿ ನಿಂತದ್ದು ಎ. ಜಿ. ಹ್ಯಾನ್ಕಾಕ್ ಎಂಬ ಹದಿನೇಳರ ಹುಡುಗ. ಕ್ಯಾಮೆರಾ ಇದ್ದದ್ದು ಪೋಪ್ ಕಡೆ, ಹೆಸರೂ ಆ ಕಡೆಗೇ ಹೋಯಿತು.

ಪ್ರಶ್ನೆ: ಡ್ರೈವರ್ ಬೋಟನ್ನು ಸ್ಕೀಯರ್ ಕಡೆಗೆ ಒಂದಿಷ್ಟು ಸರಿಸಿದರೆ ದಾಖಲೆ ಸುಲಭವಾಗುತ್ತದೆ ಎನ್ನುತ್ತಾರೆ. ಹಳೆಯ ದಾಖಲೆಗಳನ್ನೆಲ್ಲ ನಂಬುವುದು ಹೇಗೆ?

ಸರಿಸಿದರೆ ಸುಲಭ, ಹೌದು. ಹಗ್ಗ 1.75 ಮೀಟರ್ ಕಮ್ಮಿ ಇರುವ ಕಡೆ ಒಂದು ಗೇಣು ಅಂದರೆ ಆಸ್ತಿ. ಬೋಟು ಓಡುವ ಓಣಿಯೇ ಎರಡು ಮೀಟರಿಗಿಂತ ತುಸು ಅಗಲ. ಅದರೊಳಗೇ ಒಂದು ಗೇಣು ಆ ಕಡೆ ಒಂದು ಗೇಣು ಈ ಕಡೆ ಹೋದರೆ ಗುಂಡುಗಳಿಗೇನೂ ತಾಗಲ್ಲ.

ಆದರೆ ಎಲ್ಲವನ್ನೂ ಮೋಸ ಅನ್ನಬೇಡಿ. ಸ್ಕೀಯರ್ ಜಗ್ಗಿದರೆ ಬೋಟಿನ ಹಿಂಭಾಗವೇ ಅತ್ತ ಎಳೆದುಕೊಂಡು ಹೋಗುತ್ತದೆ. ನೆಟ್ಟಗೆ ಹೋಗಬೇಕಾದರೆ ಡ್ರೈವರ್ ಪ್ರತಿ ಬಾಲಿಗೂ ಸ್ಟೀರಿಂಗ್ ತಿರುಗಿಸಲೇಬೇಕು. ಆ ತಿರುವು ಬೇಕಾದಷ್ಟೇ ಇತ್ತೋ, ಸ್ನೇಹಕ್ಕೆ ಒಂದು ಚೂರು ಜಾಸ್ತಿ ಇತ್ತೋ? ಬೋಟಿನಲ್ಲಿ ಕೂತ ನನಗೇ ಎಷ್ಟೋ ಸಲ ತಿಳಿದಿಲ್ಲ. ನನ್ನ ಕಣ್ಣು ಸ್ಕೀ ಮೇಲಿತ್ತು. ಅದಕ್ಕೇ ಕೋರ್ಸಿನ ತುದಿಯಲ್ಲಿ ಕ್ಯಾಮೆರಾ ಇಟ್ಟರು. ಈಗ ಬೋಟಿನ ದಾರಿಯನ್ನು ಉಪಗ್ರಹದ ನೆರವಿನಿಂದ ಅಳೆಯುವ ಉಪಕರಣಗಳೂ ಬಂದಿವೆ. ಇವತ್ತಿನ ಅಳತೆಗೋಲು ಹಿಡಿದು ಹಳೆಯದನ್ನೆಲ್ಲ ಅಳಿಸಿಹಾಕಿ ಅನ್ನುವುದು ಮಾತ್ರ ಅನ್ಯಾಯ. ಅವತ್ತಿನ ನಿಯಮಕ್ಕೆ ಅವತ್ತು ನಿಂತವು, ಸಾಕು.

ಪ್ರಶ್ನೆ: ಎಂದೂ ಮುರಿಯದ ದಾಖಲೆ ಅಂತ ಒಂದನ್ನು ಹೇಳಿ.

ಲಿಜ್ ಆಲನ್, 1969, ಕೋಪನ್‌ಹೇಗನ್ ವಿಶ್ವ ಚಾಂಪಿಯನ್‌ಷಿಪ್. ಸ್ಲಾಲಂ, ಟ್ರಿಕ್ಸ್ (ಕಸರತ್ತು), ಜಂಪ್, ಮೂರೂ ಸೇರಿಸಿದ ಒಟ್ಟಾರೆ. ನಾಲ್ಕೂ ಚಿನ್ನ, ಒಂದೇ ಕೂಟದಲ್ಲಿ, ಒಬ್ಬರೇ. ಸ್ಲಾಲಂನಲ್ಲಿ ಒಂದು ಸ್ಕೀ, ಜಂಪಿಗೆ ಉದ್ದನೆಯ ಎರಡು, ಟ್ರಿಕ್ಸಿಗೆ ತಳ ನುಣ್ಣಗಿರುವ ಗಿಡ್ಡ ಹಲಗೆ. ಈಗ ಒಂದೊಂದನ್ನೂ ಕಲಿಯಲು ಒಂದೊಂದು ಜನ್ಮ ಬೇಕು. ದೂರದ ದಾಖಲೆಗಳನ್ನು ಹೊಸ ಸ್ಕೀ ಮುರಿಯುತ್ತದೆ. ಇದನ್ನು ಮುರಿಯುವ ಸ್ಕೀ ಇಲ್ಲ.

ಪ್ರಶ್ನೆ: ಎಲ್ಲರ ಲೆಕ್ಕ ಹೇಳುತ್ತೀರಿ. ನಿಮ್ಮದೇ ಅತ್ಯುತ್ತಮ ಸ್ಕೋರ್ ಎಷ್ಟು?

ಈ ಪ್ರಶ್ನೆ ಬರುತ್ತೆ ಅಂತ ಗೊತ್ತಿತ್ತು.

ಹಗ್ಗದ ಒಂದೊಂದು ಕುಣಿಕೆಗೂ ಒಂದೊಂದು ಬಣ್ಣ. 13 ಮೀಟರ್‌ನದು ಹಸಿರು. ಎರಡು ವರ್ಷ ನಾನು ಹಸಿರಿನಲ್ಲಿ ನಾಲ್ಕನೇ ಬಾಲಿಗೆ ಬೀಳುತ್ತಿದ್ದೆ. ಒಂದು ಸ್ಪರ್ಧೆ, ಬೆಳಗಿನ ಮೊದಲ ಗುಂಪು, ನೀರು ಕನ್ನಡಿ. ಒಂದು, ಎರಡು, ಮೂರು, ನಾಲ್ಕು ಬಂತು. ಐದಕ್ಕೆ ಬೇಗ ತಲುಪಿದೆ, ಉಸಿರಾಡಲು ಪುರುಸೊತ್ತಿತ್ತು. ಆರನ್ನು ಸುತ್ತಿ ಗೇಟಿನಿಂದ ಹೊರಬಂದೆ. ಹಿಡಿ ಬಿಟ್ಟು ನೀರಿನಲ್ಲಿ ಕೂತು ಕೂಗಿದೆ. ದಡದಲ್ಲಿದ್ದ ಗೆಳತಿಯೂ ಕೂಗಿದಳು.

ಬೋಟು ತಿರುಗಿ ಬಂತು. ಜಡ್ಜ್ ಮುಖ ನೋಡಿಯೇ ಅರ್ಥವಾಯಿತು. 55ರ ವೇಗಕ್ಕೆ 16.95 ಸೆಕೆಂಡ್ ಇರಬೇಕು. ವಾಚಿನಲ್ಲಿ ಬಂದದ್ದು ಮಿತಿ ದಾಟಿದ ನಿಧಾನ. ಡ್ರೈವರ್ ಕೈ ಎಲ್ಲೋ ಸಡಿಲವಾಗಿತ್ತು. ನಿಧಾನದ ಬೋಟು ಅಂದರೆ ಸ್ಕೀಯರಿಗೆ ಲಾಭ, ಹಾಗಾಗಿ ಆ ಆರು ಲೆಕ್ಕಕ್ಕಿಲ್ಲ. ಮತ್ತೆ ಮಾಡಬೇಕು. ತೋಳು ನಡುಗುತ್ತಿತ್ತು. ಮಾಡಿದೆ, ನಾಲ್ಕಕ್ಕೆ ಬಿದ್ದೆ. ಡ್ರೈವರ್ ಮಧ್ಯಾಹ್ನ ಬಂದು ‘ಸಾರಿ’ ಅಂದರು. ನಾನು ಮುಖ ತಿರುಗಿಸಿಕೊಂಡು ಹೋದೆ. ಅದು ಈಗಲೂ ಚುಚ್ಚುತ್ತದೆ, ಬಾಲಿಗಿಂತ ಜಾಸ್ತಿ.

ಆಮೇಲೆ ಹಸಿರನ್ನು ಪೂರ್ತಿ ಮಾಡುವ ಮುಂಚೆ ಮಂಡಿ ಹೋಯಿತು. ಹಾಗಾಗಿ ಉತ್ತರ: 13 ಮೀಟರ್‌ನಲ್ಲಿ ಮೂರೂವರೆ. ನಾಲ್ಕು ಅಂತ ಬರೆಯಬಹುದಿತ್ತು, ಆದರೆ ನಾಲ್ಕನೆಯದರಲ್ಲಿ ಅಲೆಯವರೆಗೆ ಬಂದಿರಲಿಲ್ಲ. ದಡದಲ್ಲಿದ್ದ ಗೆಳತಿಗೆ ಫೋನ್ ಮಾಡಿ ಕೇಳಿದರೆ ಆರು ಅಂತಾಳೆ. ನಂಬರ್ ಕೊಡಲ್ಲ.